ಐದು ನಿಮಿಷದ ಸ್ವಿಚ್ಚು

ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿ ಎರೆಹೊಲಗಳು ಬಿರಿದು ಬಾಯಿಬಿಟ್ಟಿರುತ್ತವೆ. ನೆರಳಲ್ಲೂ 42-43 ಡಿಗ್ರಿ ಬಿಸಿಲಿನ ಝಳ. ಅದೇ ಹೊಲದ ನೆತ್ತಿಗೆ ನೇರವಾಗಿ ಸುಮಾರು ಐದು ಕಿಲೋಮೀಟರ್ ಏರಿದರೆ ನೀರು ಹೆಪ್ಪುಗಟ್ಟುವ ಚಳಿ. ಹತ್ತು-ಹನ್ನೊಂದು ಕಿಲೋಮೀಟರಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ನಂಬಿಕೆ ಬಾರದವರು ಆಳಂದ, ಅಫಜಲಪುರ ಕಡೆಯ ರೈತರನ್ನು ಕೇಳಬಹುದು. 2014ರ ಫೆಬ್ರುವರಿ-ಮಾರ್ಚ್‌ನಲ್ಲಿ ಸೊಲ್ಲಾಪುರ, ಮರಾಠವಾಡ ಮತ್ತು ಗಡಿಯ ಈಚೆಗೂ ಸುರಿದು ಬೆಳೆ ಹಾಳುಮಾಡಿದ ಆಲಿಕಲ್ಲು ಅಷ್ಟೆತ್ತರದಲ್ಲೇ ಕಟ್ಟಿಕೊಂಡದ್ದು.

ಆಲಿಕಲ್ಲು ಕಣ್ಣಿಗೆ ಕಾಣುತ್ತದೆ. ಪೈಲಟ್‌ಗಳು ಹೆಚ್ಚು ಅಂಜುವುದು ಇನ್ನೂ ಮಂಜುಗಡ್ಡೆಯಾಗದ ನೀರಿಗೆ. ಸೊನ್ನೆ ಡಿಗ್ರಿಯಲ್ಲಿ ನೀರು ಗಟ್ಟಿಯಾಗುತ್ತದೆಂದು ಶಾಲೆಯಲ್ಲಿ ಕಲಿತಿರುತ್ತೇವೆ. ಮೋಡದ ಸಣ್ಣ ಹನಿ ಆ ಪಾಠಕ್ಕೆ ಬಗ್ಗುವುದಿಲ್ಲ. ಹರಳಾಗಲು ಅದಕ್ಕೊಂದು ಆಸರೆ ಬೇಕು: ಧೂಳಿನ ಕಣವೋ ಇನ್ನೊಂದು ಹರಳೋ. ಅದು ಸಿಗದಿದ್ದರೆ ಹನಿ ಸೊನ್ನೆಗಿಂತ 10, 20, ಕೆಲವೊಮ್ಮೆ 35 ಡಿಗ್ರಿ ಕೆಳಗಿಳಿದರೂ ನೀರಾಗಿಯೇ ತೇಲುತ್ತಿರುತ್ತದೆ. ಮೋಡಬಿತ್ತನೆಯವರು ಬೆಳ್ಳಿಯ ಅಯೊಡೈಡ್ ಎರಚುವುದು ಇಂಥ ಅತಿಶೀತಲ ಹನಿಗಳಿಗೆ ಆಸರೆ ಒದಗಿಸಲೆಂದೇ. ಆಳಂದದ ನೆರೆಯ ಸೊಲ್ಲಾಪುರವನ್ನು ನೆಲೆ ಮಾಡಿಕೊಂಡು 2018-19ರಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮೋಡಗಳೊಳಗೆ ವಿಮಾನ ಹಾರಿಸಿ ಅಳತೆ ಮಾಡಿದ್ದೂ ಇದೇ ಆಕಾಶದಲ್ಲಿ.

ಆಸರೆಗಾಗಿ ಕಾದಿರುವ ಹನಿಗೆ ಹಾರಿಬಂದ ವಿಮಾನವೇ ಆಸರೆ. ರೆಕ್ಕೆಯ ಮುಂಚೂಣಿಗೆ ತಾಗಿದ ಗಳಿಗೆಯಲ್ಲಿ ಅದು ಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ಗಡ್ಡೆಯ ತೂಕ ದೊಡ್ಡ ತೊಂದರೆಯಲ್ಲ. ಉಪ್ಪುಕಾಗದದಷ್ಟು ಒರಟುತನವಿದ್ದರೂ ರೆಕ್ಕೆಯ ಮೇಲೆ ನಯವಾಗಿ ಹರಿಯಬೇಕಾದ ಗಾಳಿ ಕದಡಿ, ಎತ್ತುವ ಬಲ ಕುಗ್ಗುತ್ತದೆ. ಎಂಜಿನ್ ಬಾಯಿಯ ಅಂಚಿಗೆ ಕಟ್ಟಿದ ಗಡ್ಡೆ ಕಳಚಿದರೆ ನೇರ ಒಳಗಿನ ಫ್ಯಾನಿಗೆ ಬಡಿಯುತ್ತದೆ.

ಉಪಾಯಗಳು ಎರಡು ಬಗೆಯವು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲಯನ್ಸ್ ಏರ್ ಕೆಲಕಾಲ ಇಲ್ಲಿಗೆ ಹಾರಿಸಿದ ಎಟಿಆರ್ 72 ಪಂಕ (ಪ್ರೊಪೆಲ್ಲರ್) ತಿರುಗಿಸಿಕೊಂಡು ಹೋಗುವ ವಿಮಾನ. ಅದರ ರೆಕ್ಕೆಯಂಚಿಗೆ ರಬ್ಬರ್ ಹೊದಿಕೆಯಿದೆ. ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿದಂತೆ ಅದು ಉಬ್ಬಿ ಗಡ್ಡೆಯನ್ನು ಒಡೆದುಹಾಕುತ್ತದೆ. ಜೆಟ್‌ಗಳು ಎಂಜಿನ್ನಿನೊಳಗೇ ಒತ್ತಿ ಕಾದ ಗಾಳಿಯಲ್ಲಿ ಒಂದು ಪಾಲನ್ನು ಕೊಳವೆಯಲ್ಲಿ ತಂದು ಎಂಜಿನ್ ಬಾಯಿಯಂಚನ್ನು ಬಿಸಿಯಾಗಿಡುತ್ತವೆ. ಬೋಯಿಂಗ್ 737ರ ಪೈಲಟ್‌ಗೆ ಇದರ ನಿಯಮ ಬಾಯಿಪಾಠ. ಎದುರುಗಾಳಿ ಒತ್ತಿ ಬಿಸಿಯಾದ ಲೆಕ್ಕ ಸೇರಿಸಿಯೂ ತಾಪಮಾನ 10 ಡಿಗ್ರಿ ಅಥವಾ ಕಡಿಮೆ ಇದ್ದು, ಸುತ್ತ ಮೋಡವೋ ಮಳೆಯೋ ಕಂಡರೆ ಸ್ವಿಚ್ ಹಾಕಬೇಕು. ಗಡ್ಡೆ ಕಟ್ಟಿದ ಮೇಲಲ್ಲ, ಮೊದಲೇ. ಮಳೆಗಾಲದಲ್ಲಿ ಉತ್ತರ ಕರ್ನಾಟಕದ ಮೇಲೆ ಏರುವ, ಇಳಿಯುವ ಜೆಟ್‌ಗಳಿಗೆ ಇದು ದಿನನಿತ್ಯದ ಕೆಲಸ.

ಅನುಮಾನವಿದ್ದರೆ ಹಾಕಿಬಿಡು, ಹೆಚ್ಚೆಂದರೆ ಸ್ವಲ್ಪ ಇಂಧನ ವ್ಯರ್ಥವಾದೀತು ಎಂಬುದು ಪೈಲಟ್‌ಗಳ ತಲೆಮಾರುಗಳ ರೂಢಿ. 2023ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಹೊರಡಿಸಿದ ಆದೇಶ 737 ಮ್ಯಾಕ್ಸ್ ವಿಮಾನಗಳ ಮಟ್ಟಿಗೆ ಈ ರೂಢಿಯನ್ನು ತಲೆಕೆಳಗು ಮಾಡಿತು. ಮ್ಯಾಕ್ಸ್‌ನ ಎಂಜಿನ್ ಬಾಯಿಯ ಒಳಗೋಡೆ ಲೋಹದ್ದಲ್ಲ, ಇಂಗಾಲದ ನಾರಿನ ಸಂಯುಕ್ತದ್ದು. ಒದ್ದೆ ಮೋಡದಲ್ಲಿರುವಾಗ ಹೊರಗಿನ ತೇವ, ಚಳಿ ಬಿಸಿಯನ್ನು ಹೀರಿಕೊಳ್ಳುತ್ತವೆ. ಒಣಗಾಳಿಯಲ್ಲಿ ಸ್ವಿಚ್ ಹಾಗೇ ಉಳಿದರೆ ಐದು ನಿಮಿಷ ದಾಟಿದ ಮೇಲೆ ಆ ಗೋಡೆ ತಾಳಿಕೆ ಮೀರಿ ಕಾಯಬಹುದು, ಬಾಯಿಯೇ ಕಳಚಿ ಚೂರುಗಳು ವಿಮಾನದ ಒಡಲಿಗೆ, ಕಿಟಕಿಗೆ ಬಡಿಯಬಹುದು ಎಂದಿತು ಆದೇಶ. ಆ ಹೊತ್ತಿಗೆ ಯಾವ ವಿಮಾನಕ್ಕೂ ಹಾಗಾಗಿರಲಿಲ್ಲ. ಆದರೆ ಚೂರು ಕಿಟಕಿಗೆ ಬಡಿದರೆ ಏನಾಗುತ್ತದೆಂಬುದು ಗೊತ್ತಿತ್ತು: 2018ರ ಏಪ್ರಿಲ್‌ನಲ್ಲಿ, ಬೇರೆ ಕಾರಣಕ್ಕೆ ಎಂಜಿನ್ ಒಡೆದ ಸೌತ್‌ವೆಸ್ಟ್ ಸಂಸ್ಥೆಯ ಹಳೆಯ ಮಾದರಿಯ 737ರಲ್ಲಿ ಕಿಟಕಿ ಪಕ್ಕದ ಪ್ರಯಾಣಿಕರೊಬ್ಬರು ಸತ್ತರು.

ಪರಿಹಾರವೆಂದು ಸಿಕ್ಕಿದ್ದು ಒಂದು ಸೂಚನೆ. ಮೋಡದಿಂದ ಹೊರಬಂದ ಐದು ನಿಮಿಷದೊಳಗೆ ಸ್ವಿಚ್ ಆರಿಸಿ! ಆರಿಸದಿದ್ದರೆ ಎಚ್ಚರಿಸುವ ದೀಪವಿಲ್ಲ, ಗಂಟೆಯಿಲ್ಲ. ಬೆಂಗಳೂರಿನಿಂದ ಹಾರುವ ಆಕಾಸಾ ಏರ್‌ನ ವಿಮಾನಗಳೆಲ್ಲ ಮ್ಯಾಕ್ಸ್‌ಗಳೇ. ಜೂನ್ ರಾತ್ರಿ, ಪದರಪದರ ಮೋಡಗಳ ನಡುವೆ, ಮಿಂಚು ತಪ್ಪಿಸಿ ದಾರಿ ಬದಲಿಸುತ್ತ, ಕಂಟ್ರೋಲ್‌ನವರಿಗೆ ಉತ್ತರಿಸುತ್ತ ಇರುವವರಿಗೆ ತಾವು ಮೋಡದ ಒಳಗಿದ್ದೇವೋ ಹೊರಗೋ ಎಂಬುದೇ ತಟ್ಟನೆ ತಿಳಿಯುವುದಿಲ್ಲ. ಐದು ನಿಮಿಷ ಎಲ್ಲಿಂದ ಎಣಿಸಬೇಕು? ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳ ಸಂಘ ತಕರಾರೆತ್ತಿದ್ದು ಇಲ್ಲೇ. ಮನುಷ್ಯ ಮರೆಯುವುದು ಸಹಜವೆಂದು ಗೊತ್ತಿದ್ದೂ ನೆನಪಿನ ಮೇಲೆ ವಿಮಾನದ ಭದ್ರತೆ ಹೊರಿಸಿದರೆ, ವಿನ್ಯಾಸಕನ ಸಾಲವನ್ನು ಪೈಲಟ್ ತೀರಿಸಬೇಕಾಗುತ್ತದೆ. ನನಗೆ ಈ ತಕರಾರು ನ್ಯಾಯವಾಗಿಯೇ ಕಾಣುತ್ತದೆ. ಮ್ಯಾಕ್ಸ್‌ನ ಹಿಂದಿನ ಕಥೆ ಬಲ್ಲವರಿಗಂತೂ ಇನ್ನೂ ಹೆಚ್ಚು: ಪೈಲಟ್‌ಗಳ ಕೈಪಿಡಿಯಲ್ಲಿ ವಿವರಣೆಯೇ ಇರದಿದ್ದ ತಂತ್ರಾಂಶವೊಂದು ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೊತ್ತಿ, 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ಅಪಘಾತಗಳಲ್ಲಿ 346 ಜನ ಸತ್ತಿದ್ದರು.

ತಯಾರಕರೆಂದರೆ ದೂರದ ಸಿಯಾಟಲ್‌ನ ಬೋಯಿಂಗ್‌ನವರು ಮಾತ್ರವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಸಾರಸ್ ಎಂಬ ಪುಟ್ಟ ವಿಮಾನ ಕಟ್ಟಿತ್ತು. 2009ರ ಮಾರ್ಚ್ 6ರಂದು ಅದರ ಎರಡನೇ ಮಾದರಿಯಲ್ಲಿ ವಾಯುಪಡೆಯ ಮೂವರು ಪರೀಕ್ಷಾ ಅಧಿಕಾರಿಗಳು ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಗೆ ಹೊರಟರು. ವಿಮಾನ ಬಿಡದಿ ಬಳಿ ಬಿದ್ದು ಮೂವರೂ ತೀರಿಕೊಂಡರು. ಪೈಲಟ್‌ಗಳ ಲೋಪಗಳನ್ನೂ ತನಿಖಾ ವರದಿ ಪಟ್ಟಿಮಾಡಿತು, ನಿಜ. ಆದರೆ ಮೊದಲ ಕಾರಣವಾಗಿ ಅದು ಹೇಳಿದ್ದು, ವಿನ್ಯಾಸಕರು ರೂಪಿಸಿಕೊಟ್ಟ ಮರುಚಾಲನೆಯ ಕ್ರಮವೇ ತಪ್ಪಾಗಿತ್ತು, ಅದನ್ನು ಸಾಲದಷ್ಟು ಎತ್ತರದಲ್ಲಿ ಅನುಸರಿಸಲಾಯಿತು ಎಂದು. ಆ ಕ್ರಮ ಬರೆಯುವಾಗ ಪಂಕ ತಯಾರಿಸಿದವರನ್ನೇ ಕೇಳಿರಲಿಲ್ಲ. ಕಾಗದದ ಮೇಲಿನ ಒಂದು ಪಟ್ಟಿಯೂ ಎಂಜಿನ್ನಿನಷ್ಟೇ ಪರೀಕ್ಷೆಗೆ ಒಳಪಡಬೇಕಾದ ಯಂತ್ರಭಾಗ.

ಎಟಿಆರ್ ವಿಷಯದಲ್ಲೂ ಹೀಗೇ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಇಳಿಯಲು ಸರದಿ ಕಾಯುತ್ತ ಸುತ್ತುತ್ತಿದ್ದ ಎಟಿಆರ್ 72 ಬಿದ್ದು 68 ಜನ ಸತ್ತರು. ಅಂದು ಮೋಡದಲ್ಲಿದ್ದವು ದಪ್ಪ ಅತಿಶೀತಲ ಹನಿಗಳು. ರೆಕ್ಕೆಯಂಚಿಗೆ ತಾಗಿದ ಕ್ಷಣದಲ್ಲೇ ಪೂರ್ತಿ ಗಟ್ಟಿಯಾಗದೆ ಹಿಂದಕ್ಕೆ ಹರಿದು, ರಬ್ಬರ್ ಹೊದಿಕೆ ಮುಗಿದ ಕಡೆ ದಂಡೆ ಕಟ್ಟಿದವು. ಉಬ್ಬುವ ರಬ್ಬರಿಗೆ ಅದು ಎಟುಕಲಿಲ್ಲ. ಇಂಥ ಹಿಮದಲ್ಲಿ ವಿಮಾನ ಹೇಗೆ ವರ್ತಿಸುತ್ತದೆಂದು ಹಿಂದಿನ ಘಟನೆಗಳಿಂದ ತಿಳಿದದ್ದನ್ನು ತಯಾರಕರು ಸಾಕಷ್ಟು ಹೇಳಿರಲಿಲ್ಲ ಎಂದು ಅಮೆರಿಕದ ತನಿಖೆ ದೂರಿತು. ಫ್ರೆಂಚರು ಒಪ್ಪಲಿಲ್ಲ, ಪೈಲಟ್‌ಗಳತ್ತ ಬೊಟ್ಟು ಮಾಡಿದರು. ಜಗಳ ಏನೇ ಇರಲಿ, ಬಳಿಕ ರಬ್ಬರ್ ಹೊದಿಕೆಯನ್ನು ಹಿಂದಕ್ಕೆ ಅಗಲಿಸಲಾಯಿತು. ಕೈಪಿಡಿಯಷ್ಟೇ ಅಲ್ಲ, ರೆಕ್ಕೆಯೂ ಬದಲಾಯಿತು ಎಂಬುದು ಮುಖ್ಯ.

ಬೋಯಿಂಗ್‌ಗೆ ಬರೋಣ. ಮ್ಯಾಕ್ಸ್ 7 ಎಂಬ, ಆಗ ಇನ್ನೂ ಪ್ರಮಾಣಪತ್ರ ಸಿಗದಿದ್ದ ಮಾದರಿಯಲ್ಲೂ ಇದೇ ಎಂಜಿನ್ ಬಾಯಿ. ದೋಷ ಸರಿಪಡಿಸುವ ಮೊದಲೇ ಅದನ್ನು ಹಾರಲು ಬಿಡಿ, 2026ರ ಮೇ ತನಕ ವಿನಾಯಿತಿ ಕೊಡಿ ಎಂದು ಕಂಪನಿ ಅರ್ಜಿ ಹಾಕಿತ್ತು. ಕೊಟ್ಟುಬಿಡುತ್ತಿದ್ದರೇನೋ. ಆದರೆ 2024ರ ಜನವರಿ 5ರಂದು ಅಲಾಸ್ಕ ಏರ್‌ಲೈನ್ಸ್‌ನ ಮ್ಯಾಕ್ಸ್ 9ರಲ್ಲಿ ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಆಕಾಶದಲ್ಲಿ ಹಾರಿಹೋಯಿತು; ಕಾರ್ಖಾನೆಯಲ್ಲಿ ಅದಕ್ಕೆ ನಾಲ್ಕು ಬೋಲ್ಟ್‌ಗಳನ್ನೇ ಹಾಕಿರಲಿಲ್ಲ. ಅದೇ ತಿಂಗಳ 19ರಂದು ದೇವನಹಳ್ಳಿ ಬಳಿ ಬೋಯಿಂಗ್‌ನ ದೊಡ್ಡ ಎಂಜಿನಿಯರಿಂಗ್ ಕೇಂದ್ರವನ್ನು ಪ್ರಧಾನಿ ಉದ್ಘಾಟಿಸಿದರು. ನಮ್ಮ ಸುದ್ದಿಪುಟಗಳಲ್ಲಿ ಉದ್ಯೋಗದ ಮಾತು ಇದ್ದಷ್ಟು ಬೋಲ್ಟ್‌ಗಳ ಮಾತು ಇದ್ದ ನೆನಪಿಲ್ಲ. ಹತ್ತು ದಿನ ಬಿಟ್ಟು, 29ರಂದು, ಬೋಯಿಂಗ್ ವಿನಾಯಿತಿಯ ಅರ್ಜಿ ವಾಪಸು ಪಡೆಯಿತು. ಫೆಬ್ರುವರಿಯಲ್ಲಿ ಎಫ್‌ಎಎ ನೇಮಿಸಿದ್ದ ತಜ್ಞರ ತಂಡ ವರದಿ ಕೊಟ್ಟಿತು: ಸುರಕ್ಷತೆಯ ಬಗ್ಗೆ ಮೇಲಿನವರು ಆಡುವ ಮಾತಿಗೂ ಕೆಳಗಿನ ನೌಕರರ ಅನುಭವಕ್ಕೂ ನಂಟಿಲ್ಲ, ದೂರು ಹೇಳಿದರೆ ಸೇಡು ತೀರಿಸಿಕೊಂಡಾರೆಂಬ ಅಳುಕಿಗೆ ಅಲ್ಲಿ ಜಾಗವಿದೆ.

ಎಂಜಿನ್ ಬಾಯಿಯ ಹೊಸ ವಿನ್ಯಾಸ ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಕಾಯುವ ಗೋಡೆಯನ್ನು ಕಾಪಾಡಬೇಕು, ಹಿಮವೂ ಕಟ್ಟಬಾರದು. ಎರಡನ್ನೂ ಪರೀಕ್ಷೆಯಲ್ಲಿ ತೋರಿಸಬೇಕು. 2025ರ ಜುಲೈನಲ್ಲಿ ಕಂಪನಿ ಮ್ಯಾಕ್ಸ್ 7ರ ಪ್ರಮಾಣಪತ್ರದ ನಿರೀಕ್ಷೆಯನ್ನು 2026ಕ್ಕೆ ಮುಂದೂಡಿತು. ಈಗಾಗಲೇ ಹಾರುತ್ತಿರುವ ಮ್ಯಾಕ್ಸ್‌ಗಳ ಎಂಜಿನ್ ಬಾಯಿ ಬದಲಾಗುವುದು ಆ ವಿನ್ಯಾಸ ಒಪ್ಪಿಗೆಯಾದ ಮೇಲೆ. ಅಲ್ಲಿಯತನಕ ಕಾಕ್‌ಪಿಟ್‌ನ ಇಬ್ಬರೇ ನಿಮಿಷ ಎಣಿಸಬೇಕು.