ಗಜನಿ ಭೂಮಿಯ ಒಡ್ಡುಗಳೂ ಊರೊಟ್ಟಿನ ಮೇಲ್ವಿಚಾರಣೆಯೂ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಸಮುದ್ರವನ್ನು ಸೇರುವುದಕ್ಕೆ ಮುಂಚೆ ಅಗಲವಾಗಿ ಹರಡಿಕೊಂಡು, ದಡಗಳಲ್ಲಿ ಉಪ್ಪುನೀರು ಏರುವ ತಗ್ಗುಭೂಮಿಗಳನ್ನುಂಟುಮಾಡಿರುವುದು. ಇವಕ್ಕೆ ಆ ಸೀಮೆಯಲ್ಲಿ ಗಜನಿಯೆಂದು ಹೆಸರು. ದಿನಕ್ಕೆ ಎರಡಾವರ್ತಿ ಉಬ್ಬರದ ನೀರು ಬಂದು ತಾಕುವ ಈ ನೆಲದಲ್ಲಿ ಬತ್ತವನ್ನು ಬೆಳೆಯುವುದು ಒಬ್ಬನಿಂದಾಗತಕ್ಕ ಕಾರ್ಯವಲ್ಲ. ಹೊರಗಿನ ಒಡ್ಡು ಒಂದು ಮಾರಿನಷ್ಟು ಕುಸಿದರೂ ಒಳಗಿನ ಸಮಸ್ತ ಹಿಡುವಳಿದಾರರ ಗದ್ದೆಗಳಿಗೆ ಉಪ್ಪು ಹತ್ತುವುದು. ತನ್ನ ಪಾಲಿನ ಒಡ್ಡನ್ನು ಚೆನ್ನಾಗಿಟ್ಟುಕೊಂಡವನಿಗೂ ಅದರಿಂದ ವಿನಾಯಿತಿಯಿಲ್ಲ.

ಪೂರ್ವಪದ್ಧತಿಯಲ್ಲಿ ಒಡ್ಡುಗಳನ್ನು ಜೇಡಿಮಣ್ಣಿನಿಂದ ಕಟ್ಟಿ, ನೀರಿನ ಕಡೆಗೆ ಕಾಂಡ್ಲ ಗಿಡಗಳನ್ನು ಬೆಳೆಯಗೊಡುತ್ತಿದ್ದರು. ಈ ಗಿಡಗಳ ಬೇರುಗಳು ಅಲೆಯ ಹೊಡೆತವನ್ನು ತಡೆದು ಮಣ್ಣನ್ನು ಹಿಡಿಯುವುವು. ಒಡ್ಡಿನಲ್ಲಿ ಹಲಗೆಯ ತೂಬುಗಳಿರುವುವು. ಮುಂಗಾರು ಬಲವಾಗಿ ಹಿಡಿದೊಡನೆ ಇಳಿತದಲ್ಲಿ ತೂಬನ್ನು ತೆರೆದು, ಉಬ್ಬರದಲ್ಲಿ ಮುಚ್ಚುತ್ತ ಬಂದರೆ, ಮಳೆಯ ನೀರು ನೆಲದ ಉಪ್ಪನ್ನು ತೊಳೆದುಕೊಂಡು ಹೋಗುವುದು. ಆಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಬಿತ್ತುವರು. ಕಗ್ಗವು ಉಪ್ಪನ್ನೂ ಕೆಲವು ದಿವಸಗಳ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಬತ್ತ. ನದಿಯು ತರುವ ಮೆಕ್ಕಲುಮಣ್ಣೇ ಇದಕ್ಕೆ ಗೊಬ್ಬರ. ಕೊಯ್ಲಾದ ಮೇಲೆ ತೂಬಿನ ಕೆಲಸವು ತಿರುಗುಮುರುಗಾಗುವುದು: ಉಬ್ಬರದ ನೀರಿನೊಡನೆ ಸಿಗಡಿ ಮೀನುಗಳ ಮರಿಗಳನ್ನು ಒಳಗೆ ಬಿಟ್ಟುಕೊಳ್ಳುವರು. ಗದ್ದೆಯಲ್ಲಿ ಕೊಳೆಯುವ ಕೂಳೆಯಿಂದ ಅವುಗಳಿಗೆ ಮೇವು ದೊರೆಯುವುದು. ಹೀಗೆ ಒಂದೇ ನೆಲದಲ್ಲಿ ಬೇಸಾಯಗಾರನಿಗೂ ಮೀನುಗಾರನಿಗೂ ಜೀವನವುಂಟು. ಆದಕಾರಣ ತೂಬನ್ನು ತೆರೆಯುವ ದಿನವನ್ನು ಗೊತ್ತುಮಾಡುವ ಅಧಿಕಾರವು ಯಾರ ಕೈಯಲ್ಲಿರಬೇಕೆಂಬುದೇ ಗಜನಿಯ ಮುಖ್ಯ ಪ್ರಶ್ನೆಯಾಗಿದೆ.

ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1948ರಲ್ಲಿಯೇ ಖಾರ್ ಭೂಮಿಗಳ ರಕ್ಷಣೆಗಾಗಿ ಅಲ್ಲಿ ಶಾಸನವಾಯಿತು. 1970ರ ದಶಕದಲ್ಲಿ ಸರ್ಕಾರದ ವೆಚ್ಚದಿಂದ ಅಘನಾಶಿನಿಯಲ್ಲಿ ಶಾಶ್ವತವಾದ ಒಡ್ಡುಗಳಾದುವು. ಒಡ್ಡು ಗಟ್ಟಿಯಾಯಿತು, ನಿಜ. ಆದರೆ ಅದನ್ನು ನೋಡಿಕೊಳ್ಳುವ ಹೊಣೆಯು ನಮ್ಮದೆಂಬ ಭಾವನೆ ಊರಿನವರಲ್ಲಿ ಸಡಿಲವಾಯಿತು. ಅನಂತರ ಸಿಗಡಿಗೆ ಹೆಚ್ಚಿನ ಬೆಲೆ ಬಂದುದರಿಂದ ಅನೇಕ ಗಜನಿಗಳು ಗುತ್ತಿಗೆಗೆ ಹೋದುವು. ಗುತ್ತಿಗೆದಾರನಿಗೆ ಬೇಕಾದುದು ವರ್ಷವಿಡೀ ಉಪ್ಪುನೀರು, ಬತ್ತವಲ್ಲ. ಭಾರತದ ಕರಾವಳಿಯಲ್ಲಿ 1994ರಿಂದ ಹಬ್ಬಿದ ಬಿಳಿಚುಕ್ಕೆ ರೋಗವು ಸಿಗಡಿ ಸಾಕಣೆಯನ್ನು ಬಹುವಾಗಿ ಕೆಡಿಸಿತು. ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕರಾವಳಿ ನಿಯಂತ್ರಣ ವಲಯದೊಳಗೆ ಹೊಸ ಬಗೆಯ ಸಿಗಡಿ ಕೊಳಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶವನ್ನಿತ್ತಿತು. ಅಷ್ಟರೊಳಗೆ ಎಷ್ಟೋ ಗದ್ದೆಗಳಲ್ಲಿ ಕಗ್ಗದ ಬೇಸಾಯವು ನಿಂತುಹೋಗಿತ್ತು.

2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯ 4801 ಹೆಕ್ಟೇರು ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇದು ಗೌರವವೇ ಸರಿ. ಆದರೆ ಪಟ್ಟಿಯಿಂದ ಒಡ್ಡಿನ ಬಿರುಕು ಮುಚ್ಚುವುದಿಲ್ಲ.

ಗಜನಿಯಿರುವ ಗ್ರಾಮಗಳ ಮುಖಂಡರೂ ಭೂಮಾಲೀಕರೂ ಒಂದೊಂದು ಒಡ್ಡಿನೊಳಗಿನ ಸಮಸ್ತ ಹಿಡುವಳಿದಾರರನ್ನೂ, ಅಲ್ಲಿ ಬಲೆ ಹಾಕುವ ಮೀನುಗಾರರನ್ನೂ ಬೇಸಿಗೆಯಲ್ಲಿಯೇ ಒಂದೆಡೆ ಕೂಡಿಸುವುದು ಯುಕ್ತ. ಮೀನುಗಾರರನ್ನು ಬಿಟ್ಟು ಮಾಡಿದ ಕಟ್ಟುಪಾಡು ಕೊಯ್ಲಿನವರೆಗೂ ನಿಲ್ಲದು. ತೂಬು ಕಾಯುವವನ ಕೂಲಿಯನ್ನೂ ಒಡ್ಡಿನ ದುರಸ್ತಿಯ ಹಣವನ್ನೂ ಮೀನಿನ ಹರಾಜಿನ ಉತ್ಪತ್ತಿಯಿಂದಲೇ ಮೊದಲು ತೆಗೆದಿಟ್ಟು, ಉಳಿದುದನ್ನು ಹಿಡುವಳಿಯ ಪ್ರಕಾರ ಹಂಚಿದರೆ ವಂತಿಗೆ ವಸೂಲಿಯ ಜಗಳವು ತಪ್ಪುವುದು. ಒಡ್ಡಿನ ಹೊರಮೈಯ ಕಾಂಡ್ಲವನ್ನು ಸೌದೆಗೆ ಕಡಿಯಗೊಡಬಾರದು. ಕಗ್ಗದ ಬೀಜವನ್ನು ಒಂದೇ ಮನೆಯ ಕಣಜಕ್ಕೆ ನಂಬದೆ, ನಾಲ್ಕಾರು ಮನೆಗಳಲ್ಲಿ ಬೇರೆ ಬೇರೆಯಾಗಿ ಇರಿಸಿಕೊಳ್ಳತಕ್ಕದ್ದು. ಒಡ್ಡೊಡೆದು ಒಂದು ಬೆಳೆ ಹೋದ ವರ್ಷ, ಈ ಬೀಜವು ಪೇಟೆಯಲ್ಲಿ ಕೊಂಡುತರುವಂಥದಲ್ಲ.