ಅಕ್ಕಿಯೊಳಗೊಂದು ಕಬ್ಬಿಣದ ಕಾಳು

ರೇಷನ್ ಅಕ್ಕಿಯನ್ನು ಮೊರಕ್ಕೆ ಸುರಿದರೆ ಅಲ್ಲೊಂದು ಇಲ್ಲೊಂದು ಕಾಳು ಬೇರೆಯಾಗಿ ಕಾಣುತ್ತದೆ. ಬಣ್ಣ ತುಸು ಬೇರೆ, ಮೈ ನುಣುಪು; ನೀರಿಗೆ ಹಾಕಿದರೆ ಕೆಲವು ತೇಲುವುದೂ ಉಂಟು. ಇದನ್ನೇ ಕಂಡು 'ಪ್ಲಾಸ್ಟಿಕ್ ಅಕ್ಕಿ' ಎಂದು ಸುದ್ದಿ ಹಬ್ಬಿಸಿದವರಿದ್ದಾರೆ, ನಂಬಿ ಹೆಕ್ಕಿ ಎಸೆದವರೂ ಇದ್ದಾರೆ. ಅವರು ಎಸೆದದ್ದು ಬೇಕೆಂದೇ ಸೇರಿಸಿದ ಕಬ್ಬಿಣಾಂಶವನ್ನು.

ಇಂಥ ಕಾಳು ಬೆರೆಸಿದ ಅಕ್ಕಿಯನ್ನು ಸರ್ಕಾರ ಸಾರವರ್ಧಿತ ಅಕ್ಕಿ ಎನ್ನುತ್ತದೆ. ಆ ಕಾಳು ಹುಟ್ಟುವುದು ಗದ್ದೆಯಲ್ಲಲ್ಲ, ಕಾರ್ಖಾನೆಯಲ್ಲಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ನೀರು ಹಾಕಿ ಹದಮಾಡಿ, ಶಾವಿಗೆಯಂತೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಗಿರಣಿಯಲ್ಲಿ 100 ಕಿಲೋ ಅಕ್ಕಿಗೆ ಸುಮಾರು 1 ಕಿಲೋ ಬೆರೆಸುತ್ತಾರೆ. ಕಬ್ಬಿಣಕ್ಕಾಗಿ ಬಳಸುವುದು ಫೆರಿಕ್ ಪೈರೋಫಾಸ್ಫೇಟ್ ಎಂಬ ಬಿಳಿ ಪುಡಿ. ಇದಕ್ಕಿಂತ ಚೆನ್ನಾಗಿ ಮೈಗೆ ಹತ್ತುವ ಕಬ್ಬಿಣದ ಲವಣಗಳಿವೆ; ಆದರೆ ಅವು ಅನ್ನದ ಬಣ್ಣ, ರುಚಿ ಕೆಡಿಸುತ್ತವೆ. ಮಕ್ಕಳು ತಟ್ಟೆ ಸರಿಸಿಬಿಟ್ಟರೆ ಯಾವ ಲವಣವಿದ್ದೂ ಏನು ಪ್ರಯೋಜನ?

ಅಗತ್ಯ ಎಷ್ಟಿದೆಯೆಂದರೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ರಕ್ತಹೀನ ಮಕ್ಕಳು 2015-16ರಲ್ಲಿ ಶೇ 60.9 ಇದ್ದರು, 2019-21ಕ್ಕೆ ಶೇ 65.5 ಆದರು. ಆರು ತಿಂಗಳಾದ ಮೇಲೆ ಎದೆಹಾಲಿನ ಕಬ್ಬಿಣ ಮಗುವಿಗೆ ಸಾಲದು. ಹಸುವಿನ ಹಾಲಿನಲ್ಲಿ ಅದು ತೀರಾ ಕಡಿಮೆ. ಬರೀ ಹಾಲು-ಅನ್ನ ಉಂಡ ಮಗು ಮೈತುಂಬಿಕೊಂಡಂತೆ ಕಂಡರೂ ಬಿಳಿಚಿಕೊಂಡಿರಬಹುದು.

ಹಾಗಾದರೆ ಈ ಕಾಳು ಸಾಕೇ? ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರಿನ ಶಾಲಾಮಕ್ಕಳಿಗೆ ಇಂಥದೇ ಅಕ್ಕಿಯ ಊಟ ಕೊಟ್ಟು ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಬ್ಬಿಣದ ಕೊರತೆ ಚೆನ್ನಾಗಿಯೇ ತಗ್ಗಿತ್ತು. ಅಲ್ಲಿ ಊಟವೊಂದರಲ್ಲಿ ಇದ್ದದ್ದು 20 ಮಿಲಿಗ್ರಾಂ ಕಬ್ಬಿಣ. ಈಗಿನ ಮಾನದಂಡದಂತೆ ಕಿಲೋ ಅಕ್ಕಿಗೆ 28ರಿಂದ 42.5 ಮಿಲಿಗ್ರಾಂ. ಅಂಗನವಾಡಿಯ ಮಗು 50 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವುದು 2 ಮಿಲಿಗ್ರಾಂ ಆಸುಪಾಸು. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 11. ಮೇಲಾಗಿ ರಕ್ತಹೀನತೆಗೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಜಂತುಹುಳು, ಪದೇ ಪದೇ ಬರುವ ಸೋಂಕು, ಬಿ12 ಕೊರತೆಗಳೂ ಇವೆ.

ಹಾಗೆಂದು ಇದ್ದದ್ದನ್ನು ಬಿಡಬೇಕಿಲ್ಲ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗುವಿಗಾದರೆ ವೈದ್ಯರನ್ನು ಕೇಳಿ ಕೊಡಿ. ಉಳಿದ ಮಕ್ಕಳಿಗೆ ಅಂಜಿಕೆಯಿಲ್ಲದೆ ಬಡಿಸಿ. ಅನ್ನಕ್ಕೆ ನಿಂಬೆ ಹಿಂಡಿ, ಕಬ್ಬಿಣ ಮೈಗೆ ಹತ್ತಲು ಹುಳಿ ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಕೊಡುವ ರೂಢಿಯಿದ್ದರೆ ನಿಲ್ಲಿಸಿ. ಜಂತುಹುಳು ಮಾತ್ರೆ ಕೊಡುವ ದಿನ ಮಗುವನ್ನು ಅಂಗನವಾಡಿಗೆ ತಪ್ಪದೆ ಕಳಿಸಿ.