ಒಂದು ಸೊನಾಟ, ಹಲವು ಪಾಠಾಂತರ

ಪಾಶ್ಚಾತ್ಯ ಸಂಗೀತದಲ್ಲಿ ಕೃತಿಗಳೆಲ್ಲವೂ ಅಚ್ಚಾಗಿರುವುದರಿಂದ ಅಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲವೆಂದು ನಮ್ಮಲ್ಲಿ ಅನೇಕರು ನಂಬಿರುವರು. ನಮ್ಮ ಕೀರ್ತನೆಗಳು ಗುರುಮುಖದಿಂದ ಬಂದವು. ಆದಕಾರಣ ಒಂದೇ ಕೃತಿಗೆ ಶಿಷ್ಯಪರಂಪರೆಗೊಂದು ಪಾಠಾಂತರ ಹುಟ್ಟಿತು. ಅವರ ಕೃತಿಗಳಾದರೋ ಕಾಗದದ ಮೇಲೆ ಸ್ಥಿರವಾಗಿ ನಿಂತಿವೆ; ಬರೆದಂತೆ ನುಡಿಸಿದರೆ ತೀರಿತು ಎಂಬುದು ಈ ನಂಬಿಕೆಯ ತಾತ್ಪರ್ಯ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡುವುದೇ ನಮ್ಮ ಇಂದಿನ ಉದ್ದೇಶ.

ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆಗಳನ್ನು ನೇಯಿಸುವ ಮಿತ್ರರೊಬ್ಬರ ಮನೆಯಲ್ಲಿ ಒಂದು ಸಂಜೆ ನಾವು ಬೇಥೋವನ್ ಮಹಾಶಯನ ‘ಮೂನ್‌ಲೈಟ್’ ಸೊನಾಟವನ್ನು ಕೇಳಿದೆವು. ಒಬ್ಬ ವಾದಕರ ಮುದ್ರಿಕೆ ಮುಗಿದೊಡನೆ ಮತ್ತೊಬ್ಬರದನ್ನು ಹಾಕಿದರು. ಮೊದಲ ಭಾಗವು ಒಬ್ಬರಲ್ಲಿ ನಡೆಯುವ ನದಿಯಾಗಿತ್ತು. ಇನ್ನೊಬ್ಬರಲ್ಲಿ ನಿಂತ ಕೆರೆಯಾಗಿತ್ತು. ಇವುಗಳಲ್ಲಿ ಯಾವುದು ಸರಿ ಎಂಬ ವಾದ ಬೀದಿಯ ಮಗ್ಗಗಳ ಸದ್ದು ಅಡಗಿದ ಮೇಲೂ ನಡೆಯಿತು.

ಈ ಕೃತಿ ರಚಿತವಾದದ್ದು 1801ರಲ್ಲಿ. ವಿಯೆನ್ನಾ ನಗರದಲ್ಲಿ ಅಚ್ಚಾದದ್ದು 1802ರಲ್ಲಿ. ಕೃತಿಕಾರನಿಟ್ಟ ಹೆಸರು ‘ಕಲ್ಪನಾವಿಲಾಸದಂತಿರುವ ಸೊನಾಟ’ ಎಂಬ ಅರ್ಥದ್ದು. ಬೆಳುದಿಂಗಳ ಮಾತೇ ಅದರಲ್ಲಿಲ್ಲ. ರೆಲ್‌ಸ್ಟಾಬ್ ಎಂಬ ವಿಮರ್ಶಕನು ಇದನ್ನು ಸರೋವರದ ಮೇಲಣ ಬೆಳುದಿಂಗಳಿಗೆ ಹೋಲಿಸಿದನು. ಹೋಲಿಕೆಯೇ ಹೆಸರಾಗಿ ನಿಂತಿತು. ಆ ಬಳಿಕ ಅನೇಕರು ಸ್ವರಗಳನ್ನು ಬಿಟ್ಟು ಹೆಸರನ್ನೇ ನುಡಿಸತೊಡಗಿದರು ಎಂದರೆ ಅತಿಶಯೋಕ್ತಿಯಾಗದು.

ಮೊದಲ ಭಾಗದ ನೆತ್ತಿಯಲ್ಲಿ ಕೃತಿಕಾರನು ಒಂದು ಆಜ್ಞೆಯನ್ನು ಬರೆದಿರುವನು. ಇಡೀ ಭಾಗವನ್ನು ಅತಿ ಕೋಮಲವಾಗಿ, ‘ಸೆನ್ಸಾ ಸೋರ್ದಿನೊ’, ಅಂದರೆ ತಡೆಗಳಿಲ್ಲದೆ, ನುಡಿಸತಕ್ಕದ್ದು ಎಂಬುದೇ ಅದು. ತಡೆಯೆಂದರೇನು? ಪಿಯಾನೋವಿನಲ್ಲಿ ಮನೆಯನ್ನು ಒತ್ತಿದಾಗ ಒಂದು ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. ಬೆರಳನ್ನೆತ್ತಿದೊಡನೆ ಬಟ್ಟೆಯ ಮೆತ್ತೆಯೊಂದು ತಂತಿಯ ಮೇಲೆ ಕುಳಿತು ನಾದವನ್ನು ಅಡಗಿಸುತ್ತದೆ. ಬಲಗಾಲಿನ ಪೆಡಲನ್ನು ತುಳಿದರೆ ಈ ಮೆತ್ತೆಗಳೆಲ್ಲವೂ ಒಟ್ಟಿಗೆ ಮೇಲೇಳುತ್ತವೆ; ಆಗ ಹಿಂದಿನ ಸ್ವರ ಮುಂದಿನ ಸ್ವರದೊಳಗೂ ಮೊಳಗುತ್ತಿರುತ್ತದೆ.

ತೊಡಕು ಇರುವುದು ಇಲ್ಲಿಯೇ. ಆರಂಭದಲ್ಲಿ ಎಡಗೈಯ ಮಂದ್ರಸ್ವರಗಳು, ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಷಡ್ಜದಿಂದ ಕೈಶಿಕಿ ನಿಷಾದಕ್ಕೆ, ಅಲ್ಲಿಂದ ಶುದ್ಧ ಧೈವತಕ್ಕೆ, ಬಳಿಕ ಶುದ್ಧ ಮಧ್ಯಮಕ್ಕೆ ಇಳಿದು ಪಂಚಮದಲ್ಲಿ ನಿಲ್ಲುತ್ತವೆ. ತಡೆಗಳನ್ನು ಎತ್ತಿಯೇ ಇಟ್ಟರೆ ಷಡ್ಜ ಆರುವ ಮುನ್ನವೇ ನಿಷಾದ ಅದರ ಮೇಲೆ ಬೀಳುತ್ತದೆ. ಬೇಥೋವನ್ನನ ಕಾಲದ ವಾದ್ಯಕ್ಕೆ ಮರದ ಚೌಕಟ್ಟು, ತೆಳುವಾದ ತಂತಿ. ಅದರ ನಾದ ಬೇಗನೆ ಆರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಕಬ್ಬಿಣದ ಚೌಕಟ್ಟಿನ ವಾದ್ಯದಲ್ಲಿ ನಾದ ಬಹುಕಾಲ ನಿಲ್ಲುತ್ತದೆ. ಅಂದು ಮಂಜಿನಂತಿದ್ದದ್ದು ಇಂದು ಕೆಸರಾಗಬಹುದು.

ಇದರಿಂದ ಮೂರು ಪಕ್ಷಗಳಾದವು. ಆಜ್ಞೆ ಆಜ್ಞೆಯೇ, ಪೆಡಲನ್ನು ಬಿಡಲಾಗದು ಎಂಬುದು ಮೊದಲನೆಯದು. ಹಂಗೇರಿಯ ಆಂದ್ರಾಶ್ ಶಿಫ್ ಈ ಪಕ್ಷವನ್ನು ನಮ್ಮ ಕಾಲದಲ್ಲಿ ಬಲವಾಗಿ ಸಮರ್ಥಿಸಿರುವರು. ಮಂದ್ರಸ್ವರ ಬದಲಾದಂತೆಲ್ಲ ಪೆಡಲನ್ನೂ ಬದಲಾಯಿಸಬೇಕೆಂಬುದು ಎರಡನೆಯದು. ಇದನ್ನು ಹೇಳಿದವನು ಬೇಥೋವನ್ನನ ಸಾಕ್ಷಾತ್ ಶಿಷ್ಯನಾದ ಚೆರ್ನಿ ಎಂಬುದು ಗಮನಾರ್ಹ. ಪೆಡಲನ್ನು ಅರ್ಧ ಮಾತ್ರ ತುಳಿದು, ಹಳೆಯ ವಾದ್ಯದ ನೆರಳನ್ನು ಹೊಸ ವಾದ್ಯದಲ್ಲಿ ತರಬೇಕೆಂಬುದು ಮೂರನೆಯದು.

ಕಾಲಪ್ರಮಾಣದಲ್ಲಿಯೂ ಇದೇ ಬಗೆಯ ಜಗಳ. ‘ಅದಾಜಿಯೊ’ ಎಂದರೆ ವಿಳಂಬ. ಆದರೆ ತಾಳಚಿಹ್ನೆಯು ಆವರ್ತಕ್ಕೆ ನಾಲ್ಕು ಪೆಟ್ಟನ್ನು ಹೇಳದೆ ಎರಡೇ ಪೆಟ್ಟನ್ನು ಹೇಳುತ್ತದೆ. ಚಿಹ್ನೆಯನ್ನು ಹಿಡಿದವರು ಐದು ನಿಮಿಷದೊಳಗೆ ಮುಗಿಸುವುದುಂಟು. ವಿಳಂಬವನ್ನೇ ಹಿಡಿದವರು ಏಳು ನಿಮಿಷವನ್ನು ದಾಟುವುದುಂಟು. ಅಚ್ಚಿನ ಪ್ರತಿ ಎರಡು ಪಕ್ಷದವರ ಮುಂದೆಯೂ ಒಂದೇ!

ಹಾಗಾದರೆ ಕೃತಿಕಾರನೇ ನುಡಿಸಿ ತೋರಿಸಿದರೆ ವಿವಾದ ತೀರೀತೇ? ಈ ಪ್ರಶ್ನೆಗೆ ಮೈಸೂರಿನ ಸಂಬಂಧವಿದೆ. ಶ್ರೀ ಜಯಚಾಮರಾಜ ಒಡೆಯರವರು ಪಿಯಾನೋ ವಾದನದಲ್ಲಿ ನುರಿತವರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್, ಹದಿನಾಲ್ಕು ಪಿಯಾನೋ ಸೊನಾಟಗಳನ್ನು ರಚಿಸಿಯೂ, ಜನರ ಅಲಕ್ಷ್ಯಕ್ಕೆ ಗುರಿಯಾಗಿದ್ದರು. 1940ರ ದಶಕದ ಉತ್ತರಾರ್ಧದಲ್ಲಿ ಮಹಾರಾಜರು ಹಣ ಒದಗಿಸಿ, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸುವ ಏರ್ಪಾಡು ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ಕಾಲವಾದರು. ಆ ಮುದ್ರಿಕೆಗಳು ಇಲ್ಲದಿದ್ದರೆ ಆ ಕೈಗಳ ನುಡಿಯನ್ನು ನಾವು ಬಹುಪಾಲು ಕಳೆದುಕೊಳ್ಳುತ್ತಿದ್ದೆವು.

ಆದರೂ ಅವು ಸಾಕ್ಷ್ಯವೇ ಹೊರತು ಶಾಸನವಲ್ಲ. ಅರುವತ್ತೈದು ದಾಟಿದ, ಹೃದ್ರೋಗದಿಂದ ಬಳಲಿದ ವಾದಕನು ಒಂದು ದಿನ ನುಡಿಸಿದ ರೀತಿ ಅದು. ಮರುದಿನ ಆತನೇ ಬೇರೆ ಬಗೆಯಾಗಿ ನುಡಿಸುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ನಮ್ಮ ಸಂಗೀತವನ್ನೂ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಮಹಾರಾಜರಿಗೆ, ಒಂದು ಕೃತಿ ಹಲವು ಕಂಠಗಳಲ್ಲಿ ಹಲವು ರೂಪ ತಾಳುವುದು ಅಪರಿಚಿತವಾದ ಸಂಗತಿಯಾಗಿರಲಿಲ್ಲ.

ಹಾಗೆಂದು ಮನಬಂದಂತೆ ನುಡಿಸಬಹುದೆಂದು ನಾವು ಹೇಳುವುದಿಲ್ಲ. ದೊಡ್ಡಬಳ್ಳಾಪುರದ ಮಿತ್ರರು ಅಂದು ಕೊನೆಗೆ ಹೇಳಿದ ಮಾತು ನಮಗೆ ಒಪ್ಪಿಗೆಯಾಯಿತು. ‘ಒಂದೇ ವಿನ್ಯಾಸದ ರಂಧ್ರಪಟ್ಟಿಯನ್ನು ಎರಡು ಮಗ್ಗಕ್ಕೆ ಹಾಕಿದರೂ, ನೂಲು ಬೇರೆ, ಬಿಗಿ ಬೇರೆ, ಎರಡು ಸೀರೆ ಒಂದೇ ಆಗವು. ಹೊಸ ನೂಲಿಗೆ ಬಿಗಿಯನ್ನು ಬದಲಾಯಿಸದಿದ್ದರೆ ಹೂವೇ ಕೆಡುತ್ತದೆ. ಆದರೆ ಪಟ್ಟಿಯಲ್ಲಿಲ್ಲದ ಹೂವನ್ನು ನೇಯುವ ಅಧಿಕಾರ ನೇಕಾರನಿಗಿಲ್ಲ’ ಎಂದರವರು.

ಈ ನ್ಯಾಯದಂತೆ ನೋಡಿದರೆ, ಬೇಥೋವನ್ ಬಯಸಿದ್ದು ಕಾಲು ಪೆಡಲಿನ ಮೇಲಿರಬೇಕೆಂಬುದನ್ನಲ್ಲ. ಸ್ವರಗಳು ಒಂದರ ಉಸಿರಿನಲ್ಲಿ ಮತ್ತೊಂದು ಕರಗಬೇಕೆಂಬುದನ್ನು. ಇಂದಿನ ವಾದ್ಯದಲ್ಲಿ ಅದನ್ನು ಅರ್ಧ ಪೆಡಲೇ ಹೆಚ್ಚು ನಿಷ್ಠೆಯಿಂದ ಸಾಧಿಸುವುದೆಂದು ನಮ್ಮ ಮತ. ಕಾಲಪ್ರಮಾಣದಲ್ಲಿ ಮಾತ್ರ ವಾದ್ಯದ ನೆಪ ಸಲ್ಲದು; ಎರಡು ಪೆಟ್ಟಿನ ಚಿಹ್ನೆ ಅಂದಿನಂತೆ ಇಂದಿಗೂ ಎರಡೇ ಪೆಟ್ಟು.

ಶ್ರೋತೃಗಳು ನಮ್ಮ ಮತವನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಮುಂದೊಮ್ಮೆ ಈ ಸೊನಾಟವನ್ನು ಇಬ್ಬರು ವಾದಕರಿಂದ ಕೇಳುವಾಗ ಮೇಲಣ ರಾಗವನ್ನು ಕ್ಷಣಕಾಲ ಮರೆತು, ಕೆಳಗೆ ಇಳಿಯುವ ಆ ಐದು ಮಂದ್ರಸ್ವರಗಳನ್ನು ಹಿಂಬಾಲಿಸಿರಿ. ಷಡ್ಜವು ನಿಷಾದಕ್ಕೆ ದಾರಿ ಬಿಡುವುದೋ, ಅದರೊಡನೆ ಸೆಣಸುವುದೋ ಎಂಬುದನ್ನು ನಿಮ್ಮ ಕಿವಿಯೇ ತೀರ್ಮಾನಿಸಲಿ.